ಬ್ರೇಕ್ ಕೂಗಿದ್ರೆ ವಾಲ್ಯೂಮ್ ಏರಿಸಬೇಡಿ

ಸೆಮಿಸ್ಟರ್ ಮುಗಿದ ಖುಷಿಯಲ್ಲಿ ನಾವು ನಾಲ್ವರು, ಗೆಳೆಯನ ಮನೆಯ ಹಳೇ ಕಾರಲ್ಲಿ ಧರ್ಮಸ್ಥಳಕ್ಕೆ ಹೊರಟಿದ್ವಿ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳೀತಿದ್ದ ಹಾಗೆ ಪ್ರತಿ ತಿರುವಲ್ಲೂ ಮುಂದಿನ ಚಕ್ರದಿಂದ 'ಕೀಂಯ್' ಅಂತ ಸದ್ದು. ನಾವೇನು ಮಾಡಿದ್ವಿ? ಹಾಡಿನ ವಾಲ್ಯೂಮ್ ಜಾಸ್ತಿ ಮಾಡಿದ್ವಿ! ನಾಲ್ವರಲ್ಲಿ ಇಬ್ಬರು ಮೆಕ್ಯಾನಿಕಲ್ ಬ್ರಾಂಚಿನವರು ಬೇರೆ.

ಉಜಿರೆಯಲ್ಲಿ ಗ್ಯಾರೇಜಿನವರು ಚಕ್ರ ಬಿಚ್ಚಿ ನೋಡಿ, "ಎಂತ ಮಾರಾಯ್ರೆ, ಇದು ಎಷ್ಟು ದಿನದಿಂದ ಕೂಗ್ತಾ ಉಂಟು?" ಅಂದ್ರು. ಹೊಸದರಲ್ಲಿ ಸುಮಾರು 10 ಮಿ.ಮೀ. ದಪ್ಪ ಇರೋ ಬ್ರೇಕ್ ಪ್ಯಾಡು 2 ಮಿ.ಮೀ.ಗೆ ಬಂದಿತ್ತು.

ಆ ಸದ್ದು ಬೇಕಂತಲೇ ಇಟ್ಟಿರೋದು ಅಂತ ನಮಗೆ ಗೊತ್ತಾಗಿದ್ದು ಆಗಲೇ. ಎಷ್ಟೋ ಕಾರುಗಳ ಪ್ಯಾಡಿಗೆ ಒಂದು ಸಣ್ಣ ಉಕ್ಕಿನ ಪಟ್ಟಿ ಇರುತ್ತೆ. ಪ್ಯಾಡ್ ಸವೆದು 2-3 ಮಿ.ಮೀ. ಉಳಿದಾಗ ಅದು ತಿರುಗೋ ಡಿಸ್ಕಿಗೆ ತಾಗಿ ಕಿರುಚುತ್ತೆ. ಆಗಲೂ ಕೇಳಿಸ್ಕೊಳ್ಳದೆ ಓಡಿಸಿದ್ರೆ ಸದ್ದು 'ಕರಕರ' ಆಗುತ್ತೆ. ಅಂದ್ರೆ ಪ್ಯಾಡ್ ಪೂರ್ತಿ ಮುಗಿದು ಅದರ ಹಿಂದಿನ ಉಕ್ಕಿನ ತಟ್ಟೆಯೇ ಡಿಸ್ಕನ್ನ ಕೆರೀತಿದೆ. ಆಗ ಗಾಡಿ ನಿಲ್ಲೋಕೆ ಹೆಚ್ಚು ದೂರ ಬೇಕು, ಡಿಸ್ಕಿಗೂ ದುಡ್ಡು ಸುರಿಯಬೇಕು. ಆ ಸ್ಥಿತಿಯಲ್ಲಿ ಘಾಟಿ ಇಳಿದಿದ್ರೆ ಅಂತ ನೆನೆಸ್ಕೊಂಡ್ರೆ ಈಗಲೂ ಎದೆ ಝಲ್ ಅನ್ನುತ್ತೆ.

ಹಾಗಂತ ಎಲ್ಲಾ ಸದ್ದಿಗೂ ಹೆದರಬೇಕಿಲ್ಲ. ರಾತ್ರಿಯೆಲ್ಲಾ ಮಳೆಯಲ್ಲಿ ನಿಂತ ಗಾಡಿ ಬೆಳಿಗ್ಗೆ 'ಸರಸರ' ಅಂದ್ರೆ ಅದು ಬೀಡುಕಬ್ಬಿಣದ ಡಿಸ್ಕಿನ ಮೇಲೆ ಕೂತ ತೆಳು ತುಕ್ಕು. ನಾಲ್ಕು ಸಲ ಬ್ರೇಕ್ ಒತ್ತಿದ್ರೆ ಹೋಗುತ್ತೆ. ಬ್ರೇಕ್ ಒತ್ತದಿದ್ದಾಗಲೂ ಕೆರೆಯೋ ಸದ್ದು ಬಂದ್ರೆ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಕಲ್ಲು ಸಿಕ್ಕಿರಬಹುದು. 'ಟಕ್' ಅಂದ್ರೆ ಕ್ಲಿಪ್ಪೋ ಪಿನ್ನೋ ಸಡಿಲ ಆಗಿರಬಹುದು.

ಘಾಟಿಯುದ್ದಕ್ಕೂ ಬ್ರೇಕ್ ಮೇಲೇ ಕಾಲಿಟ್ಟು ಇಳಿದ್ರೆ ಇನ್ನೊಂದು ಕಥೆ. ಪ್ಯಾಡ್ ವಿಪರೀತ ಕಾದು ಅದರ ಮೇಲ್ಮೈ ಗಾಜಿನ ಹಾಗೆ ನುಣುಪಾಗುತ್ತೆ. ಆಮೇಲೆ ಡಿಸ್ಕನ್ನ ಹಿಡಿಯೋದು, ಜಾರೋದು, ಮತ್ತೆ ಹಿಡಿಯೋದು. ಹೀಗೆ ಸೆಕೆಂಡಿಗೆ ಸಾವಿರಾರು ಸಲ ಕಂಪಿಸುತ್ತೆ. ಪಿಟೀಲಿನ ತಂತಿ ಮೇಲೆ ಕಮಾನು ಮಾಡೋದೂ ಇದನ್ನೇ, ಇಲ್ಲಿ ರಾಗ ಮಾತ್ರ ಇರಲ್ಲ. ಅದಕ್ಕೇ ಇಳಿಜಾರಲ್ಲಿ ಎರಡನೇ ಗೇರಿಗೆ ಹಾಕಿ, ಅರ್ಧ ಕೆಲಸ ಇಂಜಿನ್ನಿಗೆ ಬಿಡೋದು.

ನಮ್ಮಲ್ಲೊಬ್ಬ, "ಡಿಸ್ಕಿಗೆ ಸ್ವಲ್ಪ ಎಣ್ಣೆ ಬಿಟ್ರೆ ಆಯ್ತಲ್ವಾ?" ಅಂದಿದ್ದ. ಸದ್ದೇನೋ ನಿಲ್ಲುತ್ತೆ, ಗಾಡಿ ನಿಲ್ಲಲ್ಲ.

ಈಗ ಹಾಸ್ಟೆಲ್‌ನಿಂದ ಯಾರ ಕಾರು ಹೊರಟ್ರೂ ಮೊದಲು ಮೊಬೈಲ್ ಟಾರ್ಚ್ ಹಿಡಿದು ಚಕ್ರದ ಸಂದಿಯಲ್ಲಿ ಇಣುಕ್ತೀವಿ. ಅಲಾಯ್ ಚಕ್ರ ಆದ್ರೆ ಸಾಮಾನ್ಯವಾಗಿ ಹೊರಗಿನ ಪ್ಯಾಡ್ ಕಾಣುತ್ತೆ. ಒಳಗಿನದು ನೋಡಬೇಕಂದ್ರೆ ಜಾಕ್ ಹಾಕಿ ಚಕ್ರ ಬಿಚ್ಚಬೇಕು.