ಬಾನೆಟ್ ಎತ್ತಿದಾಗ ಕಂಡಿದ್ದು

ನಮ್ಮ ಮಾವನ ಹತ್ತಿರ ಒಂದು ಹಳೇ ಫಿಯೆಟ್ ಸಿಯೆನಾ ಇದೆ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ತಿಂಗಳಿಗೊಮ್ಮೆಯಾದರೂ ಅದಕ್ಕೆ ಕಂಟೋನ್ಮೆಂಟಿನ ಗ್ಯಾರೇಜಿನ ದರ್ಶನ ಆಗಲೇಬೇಕು. ಹೋದ ಸಲ ಆ ಡ್ಯೂಟಿ ನನ್ನ ತಲೆಗೆ ಬಿತ್ತು. ಮೆಕ್ಯಾನಿಕ್ ಚಾಚಾ ಬಾನೆಟ್ ಎತ್ತಿ ಒಳಗೆ ತಲೆ ಹಾಕಿದರು. ನಾನು ಸ್ಟೂಲ್ ಮೇಲೆ ಕೂತು ಮೊಬೈಲ್ ನೋಡುತ್ತಿದ್ದೆ. ಆಗ ಉತ್ತರ ಕೊರಿಯಾದ ಒಂದು ಕಾರಿನ ಫೋಟೊ ಕಣ್ಣಿಗೆ ಬಿತ್ತು. ಹೆಸರು ‘ಹ್ವಿಪರಾಮ್’. ಕೊರಿಯನ್ ಭಾಷೆಯಲ್ಲಿ ಶಿಳ್ಳೆ ಎಂದರ್ಥವಂತೆ.

‘ಚಾಚಾ, ಇದ್ಯಾವ ಗಾಡಿ ಹೇಳಿ ನೋಡೋಣ’ ಎಂದು ಮೊಬೈಲ್ ಹಿಡಿದೆ.

ಗ್ರೀಸ್ ಕೈ ಹಿಂದಿಟ್ಟುಕೊಂಡು ಬಗ್ಗಿ ನೋಡಿದರು. ‘ಇದೇ ಅಲ್ಲೇನಪ್ಪ, ನಿಮ್ಮ ಮಾವನ ಗಾಡಿ! ಮುಂದಿನ ಮಾರ್ಕ್ ಬೇರೆ ಐತೆ, ಅಷ್ಟೆ.’

ಅವರು ಹೇಳಿದ್ದು ನಿಜ. 2002ರಲ್ಲಿ ಉತ್ತರ ಕೊರಿಯಾದ ನಾಂಪೋ ಎಂಬ ಊರಿನಲ್ಲಿ ‘ಪ್ಯೊಂಗ್‌ಹ್ವಾ ಮೋಟರ್ಸ್’ ಕಾರ್ಖಾನೆ ಶುರುವಾಯಿತು. ದಕ್ಷಿಣ ಕೊರಿಯಾದ ಯೂನಿಫಿಕೇಶನ್ ಚರ್ಚ್ ಅದಕ್ಕೆ ದುಡ್ಡು ಹಾಕಿತ್ತು. ಇಟಲಿಯ ಫಿಯೆಟ್ ಸಿಯೆನಾದ ಬಿಡಿಭಾಗಗಳನ್ನು ತರಿಸಿ, ಜೋಡಿಸಿ, ಹೊಸ ಹೆಸರು ಅಂಟಿಸಿದರೆ ಹ್ವಿಪರಾಮ್ ರೆಡಿ. ಮುಂದೆ ಚೀನಾದ ಕಾರುಗಳಿಗೂ ಇದೇ ರೀತಿ ನಾಮಕರಣ ನಡೆಯಿತು. ಜಾಹೀರಾತೇ ಅಪರೂಪವಾದ ಆ ದೇಶದಲ್ಲಿ ಈ ಕಾರುಗಳಿಗೆ ದೊಡ್ಡ ಹೋರ್ಡಿಂಗ್‌ಗಳೂ ಎದ್ದವು. ಆದರೆ ಅಲ್ಲಿನ ಸಾಮಾನ್ಯ ಜನರಿಗೆ ಕಾರು ಕೊಳ್ಳುವುದು ಕನಸಿನ ಮಾತು.

ನಾನು ಜೋರಾಗಿ ನಕ್ಕೆ. ಚಾಚಾ ನಗಲಿಲ್ಲ. ‘ಅಂಬಾಸಿಡರ್ ನಮ್ಮದು ಅಂದ್ಕಂಡಿದ್ದೀಯೇನು?’ ಎಂದರು.

ಅದು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್. ಪ್ರೀಮಿಯರ್ ಪದ್ಮಿನಿ? ಫಿಯೆಟ್ 1100. ಕಾಂಟೆಸ್ಸಾ ಮೂಲದಲ್ಲಿ ವಾಕ್ಸ್‌ಹಾಲ್. ನಮ್ಮ ಬೆಂಗಳೂರೇನೂ ಹಿಂದೆ ಬಿದ್ದಿಲ್ಲ. ಎಂಬತ್ತರ ದಶಕದಲ್ಲಿ ಅಲ್ಲಿನ ಸಿಪಾನಿ ಕಂಪನಿ ಮಾಡುತ್ತಿದ್ದ, ಫೈಬರ್ ಬಾಡಿಯ ಪುಟ್ಟ ‘ಡಾಲ್ಫಿನ್’ ಅಸಲಿಗೆ ಬ್ರಿಟನ್ನಿನ ರಿಲಯಂಟ್ ಕಿಟನ್. ಈಗಲೂ ಅಷ್ಟೆ. ಟೊಯೊಟಾ ಗ್ಲಾಂಜಾ ಎಂದರೆ ಮಾರುತಿ ಬಲೆನೊ. ಅದೇ ಮಾರುತಿಯ ಗ್ರ್ಯಾಂಡ್ ವಿಟಾರಾ ತಯಾರಾಗುವುದು ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ.

ಹಾಗಾದರೆ ಎಲ್ಲವೂ ಒಂದೇನಾ? ಮೆಕ್ಯಾನಿಕಲ್ ಓದುವ ನನಗೆ ಈ ಪ್ರಶ್ನೆ ಕೊರೆಯತೊಡಗಿತು. ಅಂಬಾಸಿಡರ್ 2014ರವರೆಗೆ ಬಂತು. ನಡುವೆ ಎಂಜಿನ್ ಬದಲಾದರೂ ಮೈಕಟ್ಟು ಐವತ್ತರ ದಶಕದ್ದೇ. ಲೈಸೆನ್ಸ್ ರಾಜ್ ಕಾಲದಲ್ಲಿ ಗಿರಾಕಿಗೆ ಬೇರೆ ದಾರಿ ಇರಲಿಲ್ಲ, ಕಂಪನಿಗೆ ಬದಲಾಗುವ ದರ್ದೂ ಇರಲಿಲ್ಲ. 1983ರ ಮಾರುತಿ 800 ಕೂಡ ಜಪಾನಿನ ಸುಜುಕಿಯೇ. ಆದರೆ ಅದರ ಬಿಡಿಭಾಗಗಳನ್ನು ಇಲ್ಲೇ ಮಾಡಬೇಕೆಂಬ ಒತ್ತಡ ಇತ್ತು. ಸಣ್ಣಪುಟ್ಟ ಕಾರ್ಖಾನೆಗಳು ಕಲಿತವು, ಬೆಳೆದವು. 2016ರಲ್ಲಿ ಇಲ್ಲೇ ತಯಾರಾದ ಬಲೆನೊ ಜಪಾನಿಗೇ ರಫ್ತಾಯಿತು!

ಇಷ್ಟೆಲ್ಲ ಓದಿದ ಮೇಲೆ ಹೊಟ್ಟೆಯೊಳಗೆ ಏನೋ ಚುಚ್ಚಿದಂತಾಯಿತು. ಕಾರಣ, ನಮ್ಮ ಐದನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟ್. ಮಣ್ಣಿನ ತೇವ ನೋಡಿ ತಾನೇ ಪಂಪ್ ಆನ್ ಮಾಡುವ ಯಂತ್ರ. ನಾವು ನಾಲ್ವರು ದುಡ್ಡು ಸೇರಿಸಿ ರೆಡಿಮೇಡ್ ಕಿಟ್ ತರಿಸಿದ್ದೆವು. ಡಬ್ಬಿಯ ಮೇಲಿನ ಸ್ಟಿಕ್ಕರ್ ಕಿತ್ತು ‘ಸ್ಮಾರ್ಟ್ ರೈತ’ ಎಂದು ನಮ್ಮದನ್ನು ಅಂಟಿಸಿದ್ದೆವು. ವೈವಾದಲ್ಲಿ ‘ಇಲ್ಲಿ ರಿಲೇ ಯಾಕೆ ಹಾಕಿದ್ದೀರಿ?’ ಎಂದು ಕೇಳಿದಾಗ ನಾಲ್ವರೂ ಮುಖ ಮುಖ ನೋಡಿಕೊಂಡೆವು. 5 ವೋಲ್ಟಿನ ಪುಟ್ಟ ಬೋರ್ಡು ನೇರವಾಗಿ ಪಂಪ್ ಓಡಿಸಲಾರದು, ಅದಕ್ಕೊಂದು ಸ್ವಿಚ್ ಬೇಕು ಎನ್ನುವಷ್ಟೂ ನಮಗೆ ಗೊತ್ತಿರಲಿಲ್ಲ. ಮಾರ್ಕ್ಸ್ ಮಾತ್ರ ಬಂತು. ಉತ್ತರ ಕೊರಿಯಾ ನೋಡಿ ನಗಲು ನನಗೆ ಯಾವ ಹಕ್ಕಿತ್ತು?

ಕಳೆದ ಭಾನುವಾರ ಆ ಡಬ್ಬಿ ಹಿಡಿದು ಗೆಳೆಯನ ಜೊತೆ ಸಿರುಗುಪ್ಪದ ಹತ್ತಿರ ಅವರ ಹೊಲಕ್ಕೆ ಹೋದೆ. ಮೊದಲ ಬಾರಿಗೆ ಅದನ್ನು ನಿಜವಾದ ಮಣ್ಣಿಗೆ ಇಳಿಸಿದ್ದು. ಎರೆ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಬಿರುಕಿನ ಪಕ್ಕ ಚುಚ್ಚಿದ ಸೆನ್ಸರಿಗೆ ಮಣ್ಣೇ ಸರಿಯಾಗಿ ತಾಗುತ್ತಿರಲಿಲ್ಲ. ಒಳಗೆ ತೇವ ಇದ್ದರೂ ‘ಒಣಗಿದೆ’ ಎಂದೇ ತೋರಿಸಿ ಪಂಪ್ ಓಡಿಸುತ್ತಿತ್ತು. ಗೆಳೆಯನ ಅಪ್ಪ ನೋಡಿ, ‘ಇದನ್ನ ನಂಬಿದ್ರೆ ನೀರೆಲ್ಲ ದಂಡ ಆಗ್ತೈತಪ್ಪ’ ಎಂದರು.

ಈಗ ಡಬ್ಬಿ ಬಿಚ್ಚಿ ಕೂತಿದ್ದೇವೆ. ಸೆನ್ಸರ್ ಎಷ್ಟು ಆಳಕ್ಕೆ ಹೋಗಬೇಕು, ಎರೆ ಮಣ್ಣಿಗೆ ಎಷ್ಟು ಅಂಕಿಗೆ ಪಂಪ್ ನಿಲ್ಲಬೇಕು ಎಂದು ದಿನಾ ಬರೆದಿಡುತ್ತಿದ್ದೇವೆ. ಈಗಾಗಲೇ ಒಂದು ರಿಲೇ ಸುಟ್ಟಿದೆ. ಯಾಕೆ ಸುಟ್ಟಿತು ಎಂದು ಈ ಸಲ ನಾಲ್ವರಿಗೂ ಗೊತ್ತು. ‘ಸ್ಮಾರ್ಟ್ ರೈತ’ ಸ್ಟಿಕ್ಕರನ್ನು ಸದ್ಯಕ್ಕೆ ಕಿತ್ತು ಹಾಕಿದ್ದೇವೆ. ಹೊಲದಲ್ಲಿ ಅದು ಸರಿಯಾಗಿ ಕೆಲಸ ಮಾಡಲಿ, ಹೆಸರು ಆಮೇಲೆ ಇಟ್ಟರಾಯಿತು.