ಸರ್ವರಿನಲ್ಲಿ ರೂಪುಗೊಳ್ಳುವ ಜಾಲಪುಟಗಳು : ಒಂದು ಪ್ರಥಮ ಪರಿಚಯ

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ದಿನ ವಿದ್ಯಾರ್ಥಿಯು ಜಾಲಪುಟವೊಂದರಲ್ಲಿ ತನ್ನ ನೋಂದಣಿ ಸಂಖ್ಯೆಯನ್ನೂ ಜನ್ಮದಿನಾಂಕವನ್ನೂ ನಮೂದಿಸುತ್ತಾನೆ. ಸ್ವಲ್ಪ ಹೊತ್ತಿನಲ್ಲಿಯೇ ಅವನ ಅಂಕಗಳು ಪರದೆಯ ಮೇಲೆ ಮೂಡುತ್ತವೆ. ಹಿಂದೆ ಇದೇ ಫಲಿತಾಂಶವನ್ನು ಶಾಲೆಯ ಸೂಚನಾ ಫಲಕಕ್ಕೆ ಅಂಟಿಸಲಾಗುತ್ತಿತ್ತು. ಅಲ್ಲಿ ಎಲ್ಲರಿಗೂ ಒಂದೇ ಹಾಳೆ. ಇಲ್ಲಿಯಾದರೋ ಪ್ರತಿಯೊಬ್ಬನಿಗೂ ಅವನದೇ ಆದ ಪುಟ. ಲಕ್ಷಾಂತರ ವಿದ್ಯಾರ್ಥಿಗಳಿಗಾಗಿ ಇಷ್ಟೊಂದು ಪುಟಗಳನ್ನು ಯಾರೂ ಮುಂಚಿತವಾಗಿ ಬರೆದಿಡಬೇಕಾಗಿಲ್ಲ. ಕೋರಿಕೆ ಬಂದ ಕ್ಷಣದಲ್ಲಿ, ಸರ್ವರ್ ಎಂದು ಕರೆಯಲಾಗುವ ದೂರದ ಗಣಕಯಂತ್ರವು ಆ ಒಬ್ಬನಿಗಾಗಿ ಪುಟವನ್ನು ರಚಿಸಿ ಕಳುಹಿಸಬಲ್ಲದು. ಹಾಗೆ ರಚಿಸಲು ಅದಕ್ಕೆ ಕೊಟ್ಟ ಆದೇಶಗಳ ಬರಹವೇ ಸರ್ವರ್ ಬದಿಯ ಸ್ಕ್ರಿಪ್ಟ್.

ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಜಿನೀವಾ ಸಮೀಪದ ಸೆರ್ನ್ ಸಂಸ್ಥೆಯಲ್ಲಿ ವಿಶ್ವವ್ಯಾಪಿ ಜಾಲದ ಯೋಜನೆಯನ್ನು ಮಂಡಿಸಿದರು. ಆರಂಭದ ಜಾಲಪುಟಗಳು ಬಹುಮಟ್ಟಿಗೆ ಮೊದಲೇ ಬರೆದಿಟ್ಟ ಕಡತಗಳಾಗಿದ್ದವು. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ಕಾಮನ್ ಗೇಟ್‌ವೇ ಇಂಟರ್‌ಫೇಸ್ ಎಂಬ ಏರ್ಪಾಡು ರೂಪುಗೊಂಡಿತು. ಕೋರಿಕೆ ಬಂದಾಗ ಸರ್ವರು ಬೇರೊಂದು ಪ್ರೋಗ್ರಾಮನ್ನು ಓಡಿಸಿ, ಅದರ ಫಲವನ್ನು ಪುಟವಾಗಿ ಕಳುಹಿಸುವ ಕ್ರಮವಿದು. ಗ್ರೀನ್‌ಲ್ಯಾಂಡಿನಲ್ಲಿ ಜನಿಸಿದ ರಾಸ್ಮಸ್ ಲೆರ್ಡಾರ್ಫ್ ಎಂಬವರು 1994ರಲ್ಲಿ, ತಮ್ಮ ಸ್ವವಿವರದ ಪುಟವನ್ನು ಎಷ್ಟು ಜನ ನೋಡುತ್ತಾರೆಂದು ತಿಳಿಯುವ ಸಲುವಾಗಿ ಇಂತಹ ಕೆಲವು ಉಪಕರಣಗಳನ್ನು ಬರೆದುಕೊಂಡರು. 1995ರಲ್ಲಿ ಅವನ್ನು ಸಾರ್ವಜನಿಕರಿಗೆ ಒದಗಿಸಿದರು. ಪಿಎಚ್‌ಪಿ ಭಾಷೆಯ ಮೂಲ ಇದೇ. ಆಂಡಿ ಗುಟ್‌ಮನ್ಸ್ ಮತ್ತು ಜೀವ್ ಸುರಾಸ್ಕಿ ಅವರು ಅದನ್ನು ಬುಡದಿಂದ ಪುನಾರಚಿಸಿದ ಬಳಿಕ 1998ರಲ್ಲಿ ಅದರ ಮೂರನೆಯ ಆವೃತ್ತಿಯೂ, 2020ರಲ್ಲಿ ಎಂಟನೆಯದೂ ಹೊರಬಂದವು. ಪೈಥಾನ್, ಜಾವಾಸ್ಕ್ರಿಪ್ಟ್ ಮೊದಲಾದ ಭಾಷೆಗಳಿಂದಲೂ ಇದೇ ಕಾರ್ಯ ಸಾಧ್ಯ. ಆದರೆ ಮೊದಲ ದಿನವೇ ಫಲ ಕಾಣಬಯಸುವ ಕಲಿಯುವವನಿಗೆ ಪಿಎಚ್‌ಪಿಯೇ ಸುಲಭವೆನ್ನಬೇಕು.

ಪಿಎಚ್‌ಪಿ ಕಡತದಲ್ಲಿ ಎಚ್‌ಟಿಎಂಎಲ್ ಬರಹದ ನಡುವೆಯೇ ಆದೇಶಗಳನ್ನು ವಿಶಿಷ್ಟ ಚಿಹ್ನೆಗಳೊಳಗೆ ಸೇರಿಸಲಾಗುತ್ತದೆ. ಚಿಹ್ನೆಗಳ ಹೊರಗಿರುವುದನ್ನು ಸರ್ವರು ಇದ್ದಂತೆಯೇ ಕಳುಹಿಸುತ್ತದೆ. ಒಳಗಿರುವ ಆದೇಶವನ್ನು ನಡೆಸಿ, ಆ ಸ್ಥಳದಲ್ಲಿ ಅದರ ಫಲವನ್ನು ಮಾತ್ರ ಇಡುತ್ತದೆ. ದಾಸೋಹದ ಪಂಕ್ತಿಯಲ್ಲಿ ಕುಳಿತವನು ಎಲೆಯ ಮೇಲೆ ಬಡಿಸಿದ್ದನ್ನು ಕಾಣುತ್ತಾನೆಯೇ ಹೊರತು ಅಡಿಗೆಮನೆಯ ಒಲೆಯನ್ನಲ್ಲ. ಅಂತೆಯೇ ನೋಡುವವನ ಬ್ರೌಸರಿಗೆ ತಲುಪುವುದು ಸಿದ್ಧವಾದ ಪುಟ. ಆದೇಶಗಳು ಸರ್ವರಿನಲ್ಲಿಯೇ ಉಳಿಯುತ್ತವೆ.

ಅಭ್ಯಾಸಕ್ಕೆ ದೊಡ್ಡ ಸರ್ವರಿನ ಅಗತ್ಯವಿಲ್ಲ. ಪಿಎಚ್‌ಪಿ ಉಚಿತವಾಗಿ ದೊರೆಯುತ್ತದೆ, 2012ರ 5.4ನೆಯ ಆವೃತ್ತಿಯಿಂದೀಚೆಗೆ ಅಭ್ಯಾಸಕ್ಕೆ ತಕ್ಕ ಚಿಕ್ಕ ಸರ್ವರೊಂದು ಅದರಲ್ಲಿಯೇ ಅಡಕವಾಗಿದೆ. ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಅವರು ಕಡತದ ಮೇಲೆ ಮೌಸ್ ಒತ್ತಿ ನೇರವಾಗಿ ಬ್ರೌಸರಿನಲ್ಲಿ ತೆರೆಯುತ್ತಾರೆ. ಬ್ರೌಸರಿಗೆ ಪಿಎಚ್‌ಪಿ ತಿಳಿಯದು. ಆದುದರಿಂದ ಮೊದಲು ಸರ್ವರನ್ನು ಆರಂಭಿಸಿ, ಲೋಕಲ್‌ಹೋಸ್ಟ್ ಎಂಬ ವಿಳಾಸದ ಮೂಲಕವೇ ಪುಟವನ್ನು ಕೇಳಬೇಕು.

ಮೊದಲ ಪಾಠವಾಗಿ ಇಂದಿನ ದಿನಾಂಕ ಮತ್ತು ವೇಳೆಯನ್ನು ಮುದ್ರಿಸುವ ಪುಟವನ್ನು ಬರೆಯುವುದು ಉಚಿತ. ಪುಟವನ್ನು ಮತ್ತೆ ಮತ್ತೆ ಕೇಳಿದಂತೆ ವೇಳೆ ಬದಲಾಗುತ್ತದೆ. ಅದು ಐದೂವರೆ ಗಂಟೆ ಹಿಂದೆ ಬಿದ್ದಿರುವುದು ಕಂಡರೆ ಗಾಬರಿಪಡಬೇಕಾಗಿಲ್ಲ. ಬೇರೆ ಸೂಚನೆ ಇಲ್ಲದಾಗ ಪಿಎಚ್‌ಪಿಯು ಸಾರ್ವತ್ರಿಕ ಕಾಲಮಾನವನ್ನು ಅನುಸರಿಸುತ್ತದೆ. ಏಷ್ಯಾ-ಕೋಲ್ಕತಾ ವಲಯವನ್ನು ಸೂಚಿಸಿದೊಡನೆ ಸರಿಹೋಗುತ್ತದೆ.

ಕನ್ನಡದ ಪುಟಗಳನ್ನು ರಚಿಸುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ‘ಕನ್ನಡ’ ಎಂಬ ಪದದಲ್ಲಿ ಕಣ್ಣಿಗೆ ಕಾಣುವುದು ಮೂರು ಅಕ್ಷರ. ಯೂನಿಕೋಡಿನಲ್ಲಿ ಅದು ಕ, ನ, ವಿರಾಮಚಿಹ್ನೆಯಾದ ಹಲಂತ, ನ, ಡ ಎಂದು ಐದು ಸಂಕೇತಗಳಾಗುತ್ತದೆ. ಯುಟಿಎಫ್-8 ಕ್ರಮದಲ್ಲಿ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳಂತೆ ಒಟ್ಟು 15 ಬೈಟುಗಳು. ಪಿಎಚ್‌ಪಿಯ ಸಾಮಾನ್ಯ ಉದ್ದಮಾಪಕವು ಬೈಟುಗಳನ್ನೇ ಎಣಿಸಿ 15 ಎನ್ನುತ್ತದೆ. ಹೆಸರಿಗೆ ಇಷ್ಟೇ ಉದ್ದವೆಂದು ಇಂಗ್ಲಿಷಿನ ಅಳತೆಯಲ್ಲಿ ಮಿತಿ ಹಾಕಿದರೆ ಕನ್ನಡದ ಹೆಸರು ನಡುವೆಯೇ ತುಂಡಾಗಿ, ಕೊನೆಯ ಅಕ್ಷರ ವಿರೂಪಗೊಳ್ಳುತ್ತದೆ. ಎಂಬಿ ಎಂಬ ಪೂರ್ವಪದವುಳ್ಳ ಆದೇಶಗಳು ಬೈಟುಗಳ ಬದಲು ಸಂಕೇತಗಳನ್ನು ಎಣಿಸುವುದರಿಂದ ಅವನ್ನು ಬಳಸುವುದು ಲೇಸು.

ಮುಂದಿನ ಹಂತವೇ ಫಲಿತಾಂಶದಂತಹ ಪುಟ. ಅಂದರೆ ನೋಡುವವನು ಏನನ್ನೋ ಬರೆದು ಕಳುಹಿಸುವಂಥದು. ಕಳುಹಿಸುವುದಕ್ಕೆ ಎರಡು ಮುಖ್ಯ ವಿಧಾನಗಳಿವೆ. ಗೆಟ್ ವಿಧಾನದಲ್ಲಿ ಬರೆದುದೆಲ್ಲ ವಿಳಾಸದ ಸಾಲಿನಲ್ಲಿಯೇ ಕಾಣುತ್ತದೆ, ಬ್ರೌಸರಿನ ಇತಿಹಾಸದಲ್ಲಿಯೂ ಉಳಿಯುತ್ತದೆ. ಜನ್ಮದಿನಾಂಕದಂತಹ ವಿವರಗಳಿಗೆ ಪೋಸ್ಟ್ ವಿಧಾನವೇ ತಕ್ಕುದು. ಆದರೆ ನಿಜವಾದ ಅಪಾಯ ಇರುವುದು ಇದಕ್ಕಿಂತ ಆಳದಲ್ಲಿ. ಸ್ಕ್ರಿಪ್ಟು ಅಂಕಗಳ ದತ್ತಸಂಚಯವನ್ನು, ‘ಇಂತಹ ಸಂಖ್ಯೆ ಮತ್ತು ಇಂತಹ ಜನ್ಮದಿನಾಂಕವಿರುವ ಸಾಲನ್ನು ಕೊಡು’ ಎಂದು ಕೇಳುತ್ತದೆ. ಬಂದ ಮಾತನ್ನು ಹಾಗೆಯೇ ಈ ವಾಕ್ಯಕ್ಕೆ ಜೋಡಿಸಿದರೆ ಏನಾಗುತ್ತದೆ? ಕಿಡಿಗೇಡಿಯೊಬ್ಬನು ಜನ್ಮದಿನಾಂಕದ ಜಾಗದಲ್ಲಿ ಉದ್ಧರಣ ಚಿಹ್ನೆಯೊಂದನ್ನಿಟ್ಟು, ‘ಅಥವಾ ಒಂದು ಒಂದಕ್ಕೆ ಸಮ’ ಎಂಬರ್ಥದ ಷರತ್ತನ್ನು ಸೇರಿಸುತ್ತಾನೆ. ಒಂದು ಒಂದಕ್ಕೆ ಸದಾ ಸಮ! ಷರತ್ತು ಪ್ರತಿ ಸಾಲಿಗೂ ನಿಜವಾಗಿ, ಒಬ್ಬನ ಅಂಕಗಳ ಬದಲು ಎಲ್ಲ ಮಕ್ಕಳ ಅಂಕಗಳೂ ಜನ್ಮದಿನಾಂಕಗಳೂ ಅವನ ಕೈಸೇರಬಹುದು. ಇದಕ್ಕೆ ಎಸ್‌ಕ್ಯೂಎಲ್ ಇಂಜೆಕ್ಷನ್ ಎಂದು ಹೆಸರು.

ಪರಿಹಾರ ಕಷ್ಟವಲ್ಲ, ಇದನ್ನು ಮುಂದಕ್ಕೆ ಹಾಕುವ ಪಠ್ಯಪುಸ್ತಕಗಳ ಕ್ರಮ ಮಾತ್ರ ಒಪ್ಪತಕ್ಕುದಲ್ಲ. ಮೊದಲು ಖಾಲಿ ಸ್ಥಳಗಳುಳ್ಳ ಆದೇಶವನ್ನು ದತ್ತಸಂಚಯಕ್ಕೆ ಒಪ್ಪಿಸಿ, ಬಂದ ವಿವರಗಳನ್ನು ಆಮೇಲೆ ಪ್ರತ್ಯೇಕವಾಗಿ ಕೊಡಬೇಕು. ಆಗ ಅವು ಬರಿಯ ವಿವರಗಳಾಗಿಯೇ ಉಳಿಯುತ್ತವೆ, ಆದೇಶದ ಭಾಗವಾಗಲಾರವು. ಪಿಎಚ್‌ಪಿಯ ಪಿಡಿಒ ಎಂಬ ವಿಭಾಗದಲ್ಲಿ ಇದಕ್ಕೆ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಎಂಬ ಸೌಲಭ್ಯವಿದೆ. ಬ್ರೌಸರಿನಲ್ಲಿ ಮಾಡಿದ ತಪಾಸಣೆಯನ್ನು ತಪ್ಪಿಸಿ ಬರುವುದು ಬಲ್ಲವರಿಗೆ ಸುಲಭವಾದುದರಿಂದ ಸರ್ವರಿನಲ್ಲಿಯೂ ತಪಾಸಣೆ ನಡೆಯಲೇಬೇಕು.

ಕಲಿಯುವಾಗ ದೋಷಸೂಚನೆಗಳು ಪರದೆಯ ಮೇಲೆ ಮೂಡುವುದು ಉಪಕಾರಿ. ಆದರೆ ಅವು ಕಡತಗಳ ಸ್ಥಳವನ್ನೂ ದತ್ತಸಂಚಯದ ಒಳವಿವರಗಳನ್ನೂ ಬಯಲುಮಾಡಬಲ್ಲವು. ಆದಕಾರಣ ಪುಟವನ್ನು ಸಾರ್ವಜನಿಕರಿಗೆ ತೆರೆಯುವ ಮುನ್ನ ಡಿಸ್‌ಪ್ಲೇ ಎರರ್ಸ್ ಎಂಬ ವ್ಯವಸ್ಥೆಯನ್ನು ನಿಲ್ಲಿಸಿ, ಅವು ಸರ್ವರಿನ ಲಾಗ್ ಕಡತದಲ್ಲಿ ಮಾತ್ರ ದಾಖಲಾಗುವಂತೆ ಮಾಡತಕ್ಕದ್ದು.