ಆನ್‌ಲೈನ್ ಸೆಲ್ ತರಿಸುವ ಮುನ್ನ ಬಿಲ್ಲೂ ನೋಡಿ, ಬೆಸುಗೆಯ ಕಲೆಯೂ ನೋಡಿ

ಕೊಯಮತ್ತೂರು: ಸಬ್‌ಸ್ಟೇಷನ್ ನಿರ್ವಹಣೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಹೋದ ಕರೆಂಟು ಸಂಜೆ ನಾಲ್ಕೋ ಐದೋ ಗಂಟೆಗೆ ಬರುತ್ತದೆ. ಇ.ಬಿ.ಯವರು ಮೊದಲೇ ಪತ್ರಿಕೆಯಲ್ಲಿ ಹೇಳಿರುತ್ತಾರೆ, ಆ ಬಗ್ಗೆ ತಕರಾರಿಲ್ಲ. ಆದರೆ ಏಪ್ರಿಲ್ ಬಿಸಿಲಲ್ಲಿ ಶೀಟಿನ ಮನೆಯೊಳಗೆ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತವರಿಗೆ ಆ ಏಳೆಂಟು ಗಂಟೆ ಎಷ್ಟು ಉದ್ದ ಎಂಬುದು ಕೂತವರಿಗೇ ಗೊತ್ತು.

ಇಲ್ಲಿನ ಕನ್ನಡದ ಮನೆಗಳಿಗೆ ಕತ್ತಲೆ ಹೊಸದೇನಲ್ಲ. 2012ರಲ್ಲಿ ದಿನಕ್ಕೆ ಹತ್ತು ಹನ್ನೆರಡು ಗಂಟೆ ಕರೆಂಟು ಇಲ್ಲದ ತಿಂಗಳುಗಳನ್ನು ಯಾರೂ ಮರೆತಿಲ್ಲ. ಪೈಕಾರದ ನೀರಿನಿಂದ 1930ರ ದಶಕದಲ್ಲಿ ಕರೆಂಟು ಬಂದು ಗಿರಣಿಗಳ ಊರಾದ ಕೊಯಮತ್ತೂರಲ್ಲೇ ಗಣಪತಿ, ಆವಾರಂಪಾಳಯದ ಲೇತುಗಳು ಆಗ ಸುಮ್ಮನೆ ನಿಂತಿದ್ದವು. ಇನ್ವರ್ಟರು, ಅದರ ಪಕ್ಕ ಆಸಿಡ್ ಬ್ಯಾಟರಿ ಮನೆಮನೆಗೆ ಬಂದದ್ದು ಆಗಲೇ. ಮೂರು ನಾಲ್ಕು ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸುವುದು, ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಹಾಕುವುದು ಅಲ್ಲಿಂದ ಅಭ್ಯಾಸವಾಯಿತು.

ಈಗ ಆ ಜಾಗಕ್ಕೆ ಲಿಥಿಯಂ ಬಂದಿದೆ. ಬಿಡಿ ಸೆಲ್‌ಗಳನ್ನು ಮೊಬೈಲ್‌ನಲ್ಲೇ ಆರ್ಡರ್ ಮಾಡಿ ತರಿಸಿ, ಮನೆಯಲ್ಲೇ ಜೋಡಿಸಿ, ಛಾವಣಿಯ ಸೋಲಾರ್ ಪ್ಯಾನಲ್‌ನಿಂದ ತುಂಬಿಸಿಕೊಳ್ಳುವ ಹುಮ್ಮಸ್ಸು ಇಲ್ಲಿನ ಹುಡುಗರಲ್ಲಿ ಜೋರಾಗಿದೆ. ಈ ವರದಿಗಾರನೂ ಆ ಸಾಲಿಗೆ ಸೇರಿದವನೇ. ಕೈ ಸುಟ್ಟುಕೊಂಡದ್ದರಿಂದ ಬರೆಯುತ್ತಿದ್ದೇನೆ.

ನಾಲ್ಕು ಸೆಲ್, ಒಂದು ನೀಲಿ ಕವಚ

2025ರ ಫೆಬ್ರವರಿಯಲ್ಲಿ ನಾಲ್ಕು ಎಲ್‌ಎಫ್‌ಪಿ ಸೆಲ್ ತರಿಸಿದೆ. ಎಲ್‌ಎಫ್‌ಪಿ ಎಂದರೆ ಲಿಥಿಯಂ, ಕಬ್ಬಿಣ, ಫಾಸ್ಫೇಟ್. ಈ ವಸ್ತು ಬ್ಯಾಟರಿಗೆ ಆದೀತು ಎಂದು 1997ರಲ್ಲಿ ಪ್ರಕಟಿಸಿದ್ದು ಅಮೆರಿಕದ ಟೆಕ್ಸಾಸ್‌ನಲ್ಲಿ ಜಾನ್ ಗುಡ್‌ಇನಫ್ ಅವರ ತಂಡ. ಮೊದಲ ಹೆಸರು ಅಕ್ಷಯ ಪಾಢಿ ಅವರದು. ಗುಡ್‌ಇನಫ್ ಅವರಿಗೆ 2019ರಲ್ಲಿ ನೊಬೆಲ್ ಬಂತು. ಮೊಬೈಲಿನ ಲಿಥಿಯಂಗಿಂತ ಇದು ಬೆಂಕಿಗೆ ಬೇಗ ಬಗ್ಗುವುದಿಲ್ಲ, ಆದ್ದರಿಂದಲೇ ಮನೆ ಸೋಲಾರ್‌ಗೆ ಇದನ್ನೇ ಹಾಕುತ್ತಾರೆ.

ಒಂದು ಸೆಲ್ 3.2 ವೋಲ್ಟ್. ನಾಲ್ಕನ್ನು ಸಾಲಾಗಿ ಜೋಡಿಸಿದರೆ 12.8. ನಮ್ಮ ಹಳೆಯ 12 ವೋಲ್ಟ್ ಇನ್ವರ್ಟರಿಗೆ ಸರಿಹೊಂದುತ್ತದೆ ಎಂದು ಲೆಕ್ಕ ಹಾಕಿದೆ. ಜಾಹೀರಾತಿನಲ್ಲಿ ‘100 ಎಎಚ್, ಹೊಸದು, ಎ ಗ್ರೇಡ್’ ಎಂದಿತ್ತು. ಬೇರೆಯವರು ಸೆಲ್ ಒಂದಕ್ಕೆ ಮೂರು ಸಾವಿರದ ಮೇಲೆ ಹೇಳುತ್ತಿದ್ದಾಗ ಇವರದು ನಾಲ್ಕಕ್ಕೆ 7,600 ರೂಪಾಯಿ, ಕೊರಿಯರ್ ಸೇರಿ. ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ, ಸಂತೋಷ ಬಂತು.

ಪೆಟ್ಟಿಗೆ ಬಂದ ದಿನ ಮೀಟರ್ ಹಿಡಿದೆ. ಮೂರು ಸೆಲ್ 3.29 ವೋಲ್ಟ್, ಒಂದು 2.91. ವಿಮಾನದಲ್ಲಿ ಸರಕಾಗಿ ಕಳಿಸುವ ಲಿಥಿಯಂ ಸೆಲ್‌ನಲ್ಲಿ ಚಾರ್ಜು ಶೇ 30ರ ಮೇಲೆ ಇರಬಾರದೆಂಬ ನಿಯಮವಿದೆ, ಹಾಗಾಗಿ ಸೆಲ್ ತುಂಬಿ ಬರುವುದಿಲ್ಲ, ಅದು ಸರಿ. ಆದರೆ ಒಟ್ಟಿಗೆ ಹೊರಟ ನಾಲ್ಕರಲ್ಲಿ ಒಂದು ಮಾತ್ರ ಇಷ್ಟು ಕೆಳಗೆ ಯಾಕೆ?

ಮೇಲಿನ ನೀಲಿ ಪ್ಲಾಸ್ಟಿಕ್ ಕವಚ ಹೊಚ್ಚಹೊಸದು, ಹೊಳೆಯುತ್ತಿತ್ತು. ತುದಿ ಸ್ವಲ್ಪ ಬಿಡಿಸಿ ನೋಡಿದರೆ ಟರ್ಮಿನಲ್ ಮೇಲೆ ಉಜ್ಜಿದ ಗುರುತು. ಅದರ ಕೆಳಗೆ ಸಣ್ಣ ಉಂಗುರದಂಥ ಬೆಸುಗೆಯ ಕಲೆ. ಅಂದರೆ ಈ ಸೆಲ್‌ಗಳು ಮೊದಲು ಯಾವುದೋ ವಾಹನದ ಪ್ಯಾಕ್‌ನಲ್ಲಿ ಲೇಸರ್ ಬೆಸುಗೆಯಿಂದ ಕೂತಿದ್ದವು. ಕಿತ್ತು, ಉಜ್ಜಿ, ಹೊಸ ಅಂಗಿ ತೊಡಿಸಿ ಕಳಿಸಿದ್ದಾರೆ. ಮೇಲಿನ ಕ್ಯುಆರ್ ಕೋಡನ್ನೂ ಕೆರೆದಿದ್ದರು. ತಯಾರಿಕೆಯ ದಿನ ಅಡಗಿರುವುದು ಅದರಲ್ಲೇ.

ಅಂದಹಾಗೆ ಎ ಗ್ರೇಡ್, ಬಿ ಗ್ರೇಡ್ ಎಂಬುದು ಮಾರುಕಟ್ಟೆಯ ಮಾತು. ಕಾರ್ಖಾನೆಯ ಪರೀಕ್ಷೆಯಲ್ಲಿ ಪೂರ್ತಿ ಪಾಸಾದದ್ದು ಎ, ಎಲ್ಲೋ ಸ್ವಲ್ಪ ಕಡಿಮೆ ಬಿದ್ದದ್ದು ಬಿ. ಬಿ ಗ್ರೇಡ್ ಅಂತ ಹೇಳಿಯೇ ಕಡಿಮೆ ಬೆಲೆಗೆ ಕೊಟ್ಟರೆ ತಪ್ಪೇನಿಲ್ಲ, ಮನೆಯ ದೀಪಕ್ಕೆ ನಡೆಯುತ್ತದೆ. ಹಳೆಯದನ್ನು ಹೊಸದು ಅಂದರೆ ಅದು ಬೇರೆ ಮಾತು. ಚೀನಾದ ಈವ್, ಸಿಎಟಿಎಲ್ ಎಂಬ ದೊಡ್ಡ ಹೆಸರಿನ ಸ್ಟಿಕರ್ ಇದ್ದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ. ಸ್ಟಿಕರ್ ಯಾರು ಬೇಕಾದರೂ ಅಚ್ಚು ಹಾಕಬಹುದು.

ಮೂರು ಗಂಟೆಗೇ ಮುಗಿಯಿತು

ಎಲೆಕ್ಟ್ರಿಕ್ ಸ್ಕೂಟರ್ ರಿಪೇರಿ ಮಾಡುವ ಪರಿಚಯದವರೊಬ್ಬರ ಬಳಿ ಸೆಲ್ ಅಳೆಯುವ ಯಂತ್ರ ಇತ್ತು. ಒಂದೊಂದನ್ನೂ 3.65 ವೋಲ್ಟಿನ ತನಕ ಪೂರ್ತಿ ತುಂಬಿಸಿ, 20 ಆಂಪಿಯರಿನಂತೆ 2.5 ವೋಲ್ಟಿಗೆ ಇಳಿಯುವವರೆಗೆ ಖಾಲಿ ಮಾಡಿದೆವು. 100 ಎಎಚ್ ನಿಜವಾದರೆ ಐದು ಗಂಟೆ ಬರಬೇಕು. ಮೂರು ಸೆಲ್ ನಾಲ್ಕು ಗಂಟೆ ದಾಟಿದವು: 86, 84, 82. ನಾಲ್ಕನೆಯದು ಮೂರು ಗಂಟೆ ಮೂರು ನಿಮಿಷಕ್ಕೇ ಕೈ ಚೆಲ್ಲಿತು. ಲೆಕ್ಕಕ್ಕೆ 61.

ಸಾಲಾಗಿ ಜೋಡಿಸಿದಾಗ ನಾಲ್ಕರಲ್ಲೂ ಹರಿಯುವುದು ಒಂದೇ ಕರೆಂಟು. ದುರ್ಬಲವಾದದ್ದು ಖಾಲಿಯಾದ ಕೂಡಲೇ ಕಾವಲಿನ ಬಿಎಂಎಸ್ ಸರ್ಕಿಟ್ ಇಡೀ ಪ್ಯಾಕನ್ನೇ ಕತ್ತರಿಸುತ್ತದೆ. ಉಳಿದ ಮೂರರಲ್ಲಿ ಇನ್ನೂ ಇದ್ದರೂ ನಿಮಗೆ ಸಿಗುವುದಿಲ್ಲ. ಅಂದರೆ ನಾನು ಕೊಂಡದ್ದು 100 ಎಎಚ್ ಬ್ಯಾಟರಿಯಲ್ಲ, 61ರದ್ದು.

ಇದಕ್ಕೆಲ್ಲ ಹತ್ತು ದಿನ ಹಿಡಿಯಿತು. ವಾಪಸು ಮಾಡಲು ಇದ್ದ ಅವಧಿ ಏಳು ದಿನ!

ಬಿಲ್ಲು ಹೇಳಿದ ಕಥೆ

ಬಿಕಾಂ ಓದಿದ್ದಕ್ಕೆ ಬಿಲ್ಲು ನೋಡುವ ಚಟ ಒಂದು ಉಳಿದಿದೆ. ಆದರೆ ದುಡ್ಡು ಕೊಟ್ಟ ಮೇಲೆ ನೋಡಿದೆ. ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿ ರಾಜ್ಯದ್ದು. ತಮಿಳುನಾಡು 33, ಕರ್ನಾಟಕ 29. ಇವರದು 27, ಅಂದರೆ ಮಹಾರಾಷ್ಟ್ರ. ಅಲ್ಲಿಂದ ಇಲ್ಲಿಗೆ ಮಾಲು ಬಂದರೆ ತೆರಿಗೆ ಐಜಿಎಸ್‌ಟಿ ಎಂದು ಒಂದೇ ಸಾಲಿನಲ್ಲಿ ಶೇ 18 ಇರಬೇಕು. ಬಿಲ್ಲಿನಲ್ಲಿ ಸಿಜಿಎಸ್‌ಟಿ 9, ಎಸ್‌ಜಿಎಸ್‌ಟಿ 9 ಎಂದು ಒಡೆದು ಬರೆದಿದ್ದರು. ಅದು ಒಂದೇ ರಾಜ್ಯದೊಳಗಿನ ವ್ಯಾಪಾರಕ್ಕೆ. ಬಿಲ್ಲು ಬರೆದವರಿಗೆ ಲೆಕ್ಕ ಗೊತ್ತಿಲ್ಲ, ಇಲ್ಲವೇ ಬಿಲ್ಲೇ ಹಾಗೆ. ಜಿಎಸ್‌ಟಿ ಜಾಲತಾಣದಲ್ಲಿ ಸಂಖ್ಯೆ ಹಾಕಿದರೆ ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಎರಡು ನಿಮಿಷದ ಕೆಲಸ.

ಇನ್ನೊಂದು, ಬಿಲ್ಲಿನಲ್ಲಿ ‘ಬ್ಯಾಟರಿ ಸೆಲ್ 4’ ಎಂದಷ್ಟೇ ಇತ್ತು. ನೂರು ಎಎಚ್ ಇಲ್ಲ, ಹೊಸದು ಎಂಬ ಮಾತಿಲ್ಲ. ಪುಣ್ಯಕ್ಕೆ ಜಾಹೀರಾತಿನ ಚಿತ್ರವನ್ನು ಮೊಬೈಲ್‌ನಲ್ಲಿ ಉಳಿಸಿಟ್ಟಿದ್ದೆ. ಮರುವಾರ ನೋಡಿದರೆ ಆ ಜಾಹೀರಾತೇ ಮಾಯ.

ಫೋನ್ ಮಾಡಿದರೆ ಹಿಂದಿಯಲ್ಲಿ ‘ಅವಧಿ ಮುಗಿಯಿತು’ ಎಂದು ಇಟ್ಟುಬಿಟ್ಟರು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟ ಜಾಲತಾಣಕ್ಕೆ ಒಬ್ಬ ದೂರು ಅಧಿಕಾರಿ ಇರಲೇಬೇಕು. ದೂರು ತಲುಪಿತೆಂದು 48 ಗಂಟೆಯಲ್ಲಿ ತಿಳಿಸಬೇಕು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಅವರಿಗೆ ಬರೆದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಿದೆ. ಮೂರನೇ ದಿನ ಮಾರಿದವರೇ ಫೋನ್ ಮಾಡಿದರು. ಈ ಸಲ ಮರಾಠಿಯಲ್ಲಿ ಮಾತಾಡಿದೆ. ದನಿ ಸ್ವಲ್ಪ ಮೆದುವಾಯಿತು. ಒಂದು ಸೆಲ್ಲಿನ ದುಡ್ಡು 1,900 ರೂಪಾಯಿ ವಾಪಸು ಬಂತು. ಉಳಿದ ಮೂರಕ್ಕೆ ‘ನಡೆಯುತ್ತಲ್ಲ, ಬಿಡಿ’ ಎಂದರು.

ಬಿಡದೆ ಮುಂದೆ ಹೋಗಬಹುದಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಕೊಂಡವನು ತಾನಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಮಾರಿದವನ ಊರಿಗೆ ಅಲೆಯಬೇಕಿಲ್ಲ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಗಡಿಯಾಚೆ ಇರುವ ನಮ್ಮಂಥವರಿಗೆ ಇದು ದೊಡ್ಡ ಅನುಕೂಲ, ಆದರೆ ಬಹಳ ಜನಕ್ಕೆ ಗೊತ್ತಿಲ್ಲ. ನಾನು ಹೋಗಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಸೋಮಾರಿತನ, ಇನ್ನೇನೂ ಅಲ್ಲ.

ಪಕ್ಕದ ಮನೆಯ ಚೀಟಿ ದುಡ್ಡು

ನನ್ನ ಐದಾರು ಸಾವಿರ ಹೋದದ್ದು ದೊಡ್ಡ ಸುದ್ದಿಯಲ್ಲ. ಪಕ್ಕದ ಮನೆಯ ಹಿರಿಯರು ಕೈಮಗ್ಗದವರು, ಚೌಡೇಶ್ವರಿ ಒಕ್ಕಲು. ಛಾವಣಿ ಮೇಲೆ ಎರಡು ಕಿಲೋವ್ಯಾಟ್ ಪ್ಯಾನಲ್ ಇದೆ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 60 ಸಾವಿರ ಸಬ್ಸಿಡಿ ಸಿಕ್ಕಿತ್ತು. ಆದರೆ ನಿರ್ವಹಣೆಯ ದಿನ ನೆತ್ತಿ ಮೇಲೆ ಸೂರ್ಯ ಉರಿಯುತ್ತಿದ್ದರೂ ಮನೆಯೊಳಗೆ ಫ್ಯಾನ್ ಇಲ್ಲ!

ಇದು ಕೆಟ್ಟದ್ದಲ್ಲ, ಇರುವುದೇ ಹಾಗೆ. ಇ.ಬಿ. ಲೈನಿಗೆ ಜೋಡಿಸಿದ ಸಾಮಾನ್ಯ ಸೋಲಾರ್ ಇನ್ವರ್ಟರು ಲೈನ್ ಸತ್ತಾಗ ತಾನೂ ನಿಲ್ಲಬೇಕು. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮನೆಯ ಕರೆಂಟೇ ಹೊಡೆಯುತ್ತದೆ.

‘ತಮ್ಮಾ, ನಿಂಗೆ ತರಿಸಿದ ಕಡೆಯಿಂದ್ಲೇ ನಂಗೂ ಹದ್ನಾರು ಸೆಲ್ ಹೇಳ್ಬಿಡು. ಚೀಟಿ ದುಡ್ಡು ಬಂದೈತೆ’ ಅಂದಿದ್ದರು. ಮೂವತ್ತು ಸಾವಿರ. ಮಗಳ ಸೀಮಂತಕ್ಕೆಂದು ಎತ್ತಿದ ಚೀಟಿ.

‘ಸ್ವಲ್ಪ ತಡೀರಿ ಯಜಮಾನ್ರೆ, ನಂದು ಮೊದ್ಲು ನೋಡಾಣ’ ಅಂದದ್ದೊಂದೇ ನಾನು ಆ ತಿಂಗಳು ಮಾಡಿದ ಬುದ್ಧಿವಂತಿಕೆ.

ಕೂತು ಲೆಕ್ಕ ಹಾಕಿದೆವು. 100 ಎಎಚ್ ಸೆಲ್ ಹದಿನಾರು ಸೇರಿದರೆ 51.2 ವೋಲ್ಟ್, ಸುಮಾರು ಐದು ಯೂನಿಟ್ ಕರೆಂಟು ಹಿಡಿಯುತ್ತದೆ. ಆದರೆ ಅವರ ಛಾವಣಿಯ ಇನ್ವರ್ಟರಿಗೆ ಬ್ಯಾಟರಿ ಜೋಡಿಸುವ ಜಾಗವೇ ಇಲ್ಲ. ಹೈಬ್ರಿಡ್ ಎಂಬ ಬೇರೆ ಇನ್ವರ್ಟರು ಬೇಕು. ಅದರ ಬೆಲೆ ಸೆಲ್ಲಿನ ಬೆಲೆಗಿಂತ ಜಾಸ್ತಿ. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಸಬ್ಸಿಡಿ ಪ್ಯಾನಲ್ಲಿನ ಕಿಲೋವ್ಯಾಟ್ ಮೇಲೆ, ಬ್ಯಾಟರಿಗೆಂದು ಬೇರೆ ಹಣ ಇಲ್ಲ.

ಬಿಲ್ಲು ಉಳಿಯುತ್ತದೆಯೇ? ತಮಿಳುನಾಡಿನಲ್ಲಿ ಮನೆಗಳಿಗೆ 2021ರ ಆದೇಶದಿಂದ ನೆಟ್ ಮೀಟರಿಂಗ್ ಇದೆ. ಹಗಲು ಹೆಚ್ಚಾದದ್ದು ಲೈನಿಗೆ ಹೋಗಿ ರಾತ್ರಿ ಬಳಸಿದ್ದರಲ್ಲಿ ವಜಾ ಆಗುತ್ತದೆ. ಇ.ಬಿ.ಯೇ ಬ್ಯಾಂಕಿನಂತೆ ಇಟ್ಟುಕೊಳ್ಳುವಾಗ ಮನೆಯಲ್ಲಿ ಬೇರೆ ಪೆಟ್ಟಿಗೆ ಯಾಕೆ? ಕೈಮಗ್ಗದವರಿಗೆ ಎರಡು ತಿಂಗಳಿಗೆ 300 ಯೂನಿಟ್ ಪುಕ್ಕಟೆ ಎಂದು 2023ರಲ್ಲಿ ಏರಿಸಿದ್ದಾರೆ. ಬ್ಯಾಟರಿ ಇಡುವುದು ಕರೆಂಟು ಹೋದ ಹೊತ್ತಿಗೆ ಮಾತ್ರ, ಉಳಿತಾಯಕ್ಕಲ್ಲ. ಬಿಲ್ಲು ಸೊನ್ನೆ ಮಾಡುತ್ತೇವೆಂದು ಬ್ಯಾಟರಿ ಮಾರಲು ಬರುವವರ ಮಾತು ನನ್ನ ಲೆಕ್ಕಕ್ಕೆ ಕೂರುವುದಿಲ್ಲ.

ಕೊನೆಗೆ ಅವರು ಹದಿನಾರು ಸೆಲ್ ಬಿಟ್ಟರು. ಇರುವ ಹಳೇ ಇನ್ವರ್ಟರಿಗೆ ಹೊಂದುವ 12.8 ವೋಲ್ಟಿನ ಸಿದ್ಧ ಪ್ಯಾಕ್ ಒಂದನ್ನು ಊರಿನ ಅಂಗಡಿಯಲ್ಲೇ, ಗ್ಯಾರಂಟಿ ಕಾರ್ಡು ಬರೆಸಿಕೊಂಡು ತಂದರು. ಬಿಡಿ ಸೆಲ್ಲಿಗಿಂತ ದುಬಾರಿಯೇ. ಮನೆಯಲ್ಲಿ ಮೀಟರ್ ಹಿಡಿಯುವವರು ಯಾರೂ ಇಲ್ಲದಿದ್ದರೆ ಅದೇ ಸರಿ ಎಂದು ನನಗನಿಸುತ್ತದೆ. ಸೀಮಂತದ ದುಡ್ಡು ಮುಕ್ಕಾಲು ಪಾಲು ಉಳಿಯಿತು.

ಸ್ಪ್ಯಾನರು, ಬಳೆ, ಹತ್ತಿ ಧೂಳು

ಸೆಲ್ ಜೋಡಿಸುವ ಹಟ ಇರುವವರಿಗೆ ನಾಲ್ಕು ಮಾತು. ಬರೀ 3.2 ವೋಲ್ಟ್ ತಾನೆ, ಶಾಕ್ ಹೊಡೆಯುವುದಿಲ್ಲ ಎಂಬ ಧೈರ್ಯ ಬೇಡ. ಇದರ ಒಳಗಿನ ತಡೆ ಒಂದು ಮಿಲಿ ಓಮ್‌ಗಿಂತ ಕಡಿಮೆ. ಸ್ಪ್ಯಾನರು ಎರಡು ಟರ್ಮಿನಲ್ ಮೇಲೆ ಅಡ್ಡ ಬಿದ್ದರೆ ಸಾವಿರಗಟ್ಟಲೆ ಆಂಪಿಯರ್ ಹರಿದು ಕಬ್ಬಿಣವೇ ಕೆಂಪಾಗುತ್ತದೆ. ಉಂಗುರ, ಬಳೆ, ವಾಚು ತೆಗೆದಿಟ್ಟು ಕೂರಬೇಕು. ಸ್ಪ್ಯಾನರಿಗೆ ಟೇಪ್ ಸುತ್ತಬೇಕು. ಫ್ಯೂಸು ಬ್ಯಾಟರಿಯ ಪ್ಲಸ್ ತುದಿಗೆ ಒತ್ತಿಯೇ ಇರಬೇಕು. ಬಿಎಂಎಸ್ ಇಲ್ಲದೆ ಜೋಡಿಸಲೇಬಾರದು.

ಹಳೆಯ ಇನ್ವರ್ಟರಿನ ಚಾರ್ಜರ್ ಆಸಿಡ್ ಬ್ಯಾಟರಿಗೆಂದು ಮಾಡಿದ್ದು. ನಾಲ್ಕು ಸೆಲ್ಲಿನ ಪ್ಯಾಕ್‌ಗೆ 14.6 ವೋಲ್ಟ್ ದಾಟಬಾರದು. ಅಳೆದು ನೋಡಿಯೇ ಕೊಡಿ.

ನೇಕಾರರ ಮನೆಗೆ ಇನ್ನೊಂದು ಇದೆ. ಮಗ್ಗದ ಸುತ್ತ ಹಾರುವ ಹತ್ತಿಯ ಜುಂಗು ಎಲ್ಲೆಲ್ಲೂ ಕೂರುತ್ತದೆ, ಟರ್ಮಿನಲ್ ಮೇಲೂ. ಸೋಮನೂರು, ಪಲ್ಲಡಂ ಕಡೆಯ ಮಗ್ಗದ ಶೆಡ್ಡುಗಳಲ್ಲಿ ಒಂದು ಕಿಡಿ ಏನು ಮಾಡೀತು ಎಂದು ಬಿಡಿಸಿ ಹೇಳಬೇಕಿಲ್ಲ. ಬ್ಯಾಟರಿ ಮಗ್ಗದ ಕೋಣೆಯಲ್ಲಿ ಬೇಡ, ಮಲಗುವ ಕೋಣೆಯಲ್ಲೂ ಬೇಡ. ನೀಲಗಿರಿಯಲ್ಲಿ ಮನೆ ಇರುವವರು ಜನವರಿಯ ಹಿಮ ಬೀಳುವ ಬೆಳಗಿನಲ್ಲಿ ಚಾರ್ಜು ಹಾಕಬಾರದು, ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಸೆಲ್ ಒಳಗೇ ಕೆಡುತ್ತದೆ.

ಮೈಸೂರು, ಬೆಂಗಳೂರಿನ ನೆಂಟರ ಕೈಲಿ ಎಸ್.ಪಿ. ರೋಡಿನಿಂದ ತರಿಸುವ ರೂಢಿಯೂ ಇದೆ. ಕಣ್ಣೆದುರು ಅಳೆಸಿ ತರಲಿ, ಒಳ್ಳೆಯದೇ. ವಿಮಾನದಲ್ಲಿ ಮಾತ್ರ ಆಗದು: ಪ್ರಯಾಣಿಕರು 160 ವ್ಯಾಟ್ ಅವರ್ ಮೀರಿದ ಬಿಡಿ ಲಿಥಿಯಂ ಒಯ್ಯುವಂತಿಲ್ಲ. ನೂರು ಎಎಚ್ ಸೆಲ್ ಒಂದೇ 320.

ನನ್ನ ಪ್ಯಾಕ್ ಈಗ ನಡೆಯುತ್ತಿದೆ. ಸೋತ ಸೆಲ್ಲಿನ ಜಾಗಕ್ಕೆ ಇಲ್ಲಿನ ಅಂಗಡಿಯಲ್ಲೇ 3,200 ಕೊಟ್ಟು ಹೊಸದು ತಂದೆ. ಒಟ್ಟು ಬಲ 82ರದ್ದೇ, ಸುಮಾರು ಒಂದು ಯೂನಿಟ್. ಒಂದು ಫ್ಯಾನ್, ಎರಡು ದೀಪ, ಈ ವರದಿ ಬೆರಳಚ್ಚು ಮಾಡಿದ ಲ್ಯಾಪ್‌ಟಾಪ್, ಇಷ್ಟಕ್ಕೆ ನಿರ್ವಹಣೆಯ ಹಗಲು ಕಳೆಯುತ್ತದೆ. ಕಿತ್ತು ಹಾಕಿದ 61ರ ಸೆಲ್ಲನ್ನು ಏನು ಮಾಡುವುದು ಎಂಬುದೊಂದು ಉಳಿದಿದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದಲ್ಲಿ ವಾಪಸು ಪಡೆಯುವ ಹೊಣೆ ತಯಾರಕರದ್ದು, ಆಮದು ಮಾಡಿದವರದ್ದು. ನನ್ನ ಸೆಲ್ಲಿನ ತಯಾರಕರ ಹೆಸರನ್ನೇ ಕೆರೆದು ತೆಗೆದಿದ್ದಾರೆ. ಹಳೇ ಆಸಿಡ್ ಬ್ಯಾಟರಿಗೆ ಗುಜರಿಯವರು ಸೀಸದ ಲೆಕ್ಕದಲ್ಲಿ ಕಿಲೋಗಿಷ್ಟು ಎಂದು ಎಣಿಸಿ ಕೊಟ್ಟರು. ಇದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಬೇಡ ಎಂದು ವಾಪಸು ಕೊಟ್ಟರು. ಟರ್ಮಿನಲ್‌ಗೆ ಟೇಪ್ ಸುತ್ತಿ ಹಿತ್ತಿಲಲ್ಲಿ ಮಣ್ಣಿನ ಕುಂಡದೊಳಗೆ ಇಟ್ಟಿದ್ದೇನೆ.